ಏಳೂಕಾಲು ಇಂಚಿನ ತುಂಡು

ಕತಾರಿನಲ್ಲಿ ಮೇ ತಿಂಗಳು ಬಂತೆಂದರೆ ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುವ ನೀರು ಬರುತ್ತದೆ. ತಾರಸಿಯ ಮೇಲಿನ ಟ್ಯಾಂಕು ಇಡೀ ದಿನ ಬಿಸಿಲಿನಲ್ಲಿ ಕಾದಿರುತ್ತದಲ್ಲ, ಅದಕ್ಕೆ. ಆಗ ಅಲ್ಲಿನವರು ಸ್ನಾನದ ಮನೆಯ ಹೀಟರಿನ ಸ್ವಿಚ್ಚು ಆರಿಸಿಬಿಡುತ್ತಾರೆ. ಹೀಟರ್ ಇರುವುದು ಎ.ಸಿ. ಓಡುವ ಮನೆಯೊಳಗೆ. ಅದರ ಹೊಟ್ಟೆಯಲ್ಲಿ ನಿಂತ ನೀರು ನಿಧಾನವಾಗಿ ತಣ್ಣಗಾಗುತ್ತದೆ. ಆಮೇಲೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು, ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು. ಹೊಸದಾಗಿ ಬಂದವರು ಒಂದೆರಡು ಸಲ ಮೈ ಸುಟ್ಟುಕೊಂಡು ಇದನ್ನು ಕಲಿಯುತ್ತಾರೆ. ನಾನೂ ಹಾಗೇ ಕಲಿತೆ.

ಆದರೆ ಈ ಉಪಾಯಕ್ಕೆ ಒಂದು ಕೊರತೆ ಇತ್ತು. ಕಾಲು ತೊಳೆಯುವ ನಲ್ಲಿಗೆ, ಅಡುಗೆಮನೆಯ ಸಿಂಕಿಗೆ, ಶೌಚದ ಕೈಪೈಪಿಗೆ ತಣ್ಣೀರಿನ ಸಂಪರ್ಕ ಮಾತ್ರ ಇರುತ್ತದೆ. ಬೇಸಿಗೆ ಪೂರ್ತಿ ಅಲ್ಲೆಲ್ಲ ಕುದಿಯುವಂಥ ನೀರೇ ಗತಿ. ಉತ್ತರದ ಅಲ್ ಶಮಾಲಿನ ಕಡೆ, ಸಮುದ್ರಕ್ಕೆ ಹತ್ತಿರದ ಒಂದು ಸಣ್ಣ ಊರಿನ ಹತ್ತೊಂಬತ್ತು ಮನೆಗಳನ್ನು ನಮ್ಮ ಕಂಪನಿ ನೋಡಿಕೊಳ್ಳುತ್ತಿತ್ತು. ಅಲ್ಲಿನ ಪ್ಲಂಬಿಂಗಿಗೆ ನಾನೇ ಫೋರ್ಮನ್. ಈ ತಾಪತ್ರಯಕ್ಕೆ ನಾನೊಂದು ದಾರಿ ಹುಡುಕಿದೆ. ಬಿಸಿನೀರಿನ ಪೈಪಿಗೂ ತಣ್ಣೀರಿನ ಪೈಪಿಗೂ ನಡುವೆ ಒಂದು ಗಿಡ್ಡ ಅಡ್ಡಪೈಪು ಹಾಕಿ, ಅದರ ಮೇಲೆ ಒಂದು ಗೇಟ್ ವಾಲ್ವ್ ಕೂರಿಸಿದೆ. ಬೇಸಿಗೆಯಲ್ಲಿ ಟ್ಯಾಂಕಿನಿಂದ ನಲ್ಲಿಗಳಿಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿ, ಹೀಟರಿಗೆ ಹೋಗುವ ಕವಲನ್ನು ಹಾಗೇ ಬಿಟ್ಟು, ಅಡ್ಡಪೈಪಿನ ವಾಲ್ವ್ ತೆರೆದರೆ ಆಯಿತು. ಹೀಟರಿನಲ್ಲಿ ತಂಪಾದ ನೀರೇ ಮನೆಯ ಎಲ್ಲ ನಲ್ಲಿಗಳಿಗೂ ಹೋಗುತ್ತದೆ. ಚಳಿಗಾಲ ಬಂದಾಗ ತಣ್ಣೀರಿನ ವಾಲ್ವ್ ತೆರೆಯುವುದು, ಅಡ್ಡಪೈಪಿನದನ್ನು ಮುಚ್ಚುವುದು, ಹೀಟರಿಗೆ ಸ್ವಿಚ್ಚು ಹಾಕುವುದು.

ಯಾರ ಪುಸ್ತಕದಲ್ಲೂ ಇಲ್ಲದ, ನನ್ನ ತಲೆಯಿಂದಲೇ ಹುಟ್ಟಿದ ಕೆಲಸ ಅದು. ಹತ್ತೊಂಬತ್ತು ಮನೆಗಳಲ್ಲೂ ನಾನೇ ಕೈಯಾರೆ ಮಾಡಿದೆ. ಊರಿನವರು ಖರ್ಜೂರ, ಕಾಫಿ ಕೊಟ್ಟು ಕೂರಿಸಿ ಮಾತಾಡಿಸಿದರು. ಬೈಲಹೊಂಗಲದಿಂದ ಬಂದ ಪೈಪಿನ ಕೆಲಸದವನಿಗೆ ಇನ್ನೇನು ಬೇಕು. ಎರಡು ಬೇಸಿಗೆ ನಾನು ಆ ಊರಿನಲ್ಲಿ ಎದೆ ಮುಂದೆ ಮಾಡಿಕೊಂಡೇ ತಿರುಗಿದೆ.

ನಾನು ಹೇಳಹೊರಟಿರುವುದು ಅದರ ನಂತರದ ಚಳಿಗಾಲದ ಮಾತು. ತೊಂಬತ್ತರ ದಶಕದ ನಡುಭಾಗ. ಕತಾರಿನಲ್ಲೂ ಚಳಿಯೇ ಎಂದು ಊರಿನಲ್ಲಿ ಜನ ನಗುತ್ತಾರೆ. ಜನವರಿಯಲ್ಲಿ ಉತ್ತರದ ಗಾಳಿ ಎದ್ದಾಗ ಅಲ್ ಶಮಾಲಿಗೆ ಬಂದು ಒಂದು ಬೆಳಗ್ಗೆ ಮೊಸಾಯಿಕ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೋಡಬೇಕು. ಆ ಮನೆಗಳನ್ನು ಕಟ್ಟಿದ್ದು ಸೆಕೆ ತಡೆಯುವುದಕ್ಕೆ, ಚಳಿಗಲ್ಲ. ತಾರಸಿಯ ಟ್ಯಾಂಕು ರಾತ್ರಿಯೆಲ್ಲ ಗಾಳಿಗೆ ಮೈಯೊಡ್ಡಿ ನಿಂತಿರುತ್ತದೆ. ಬೆಳಗಿನ ನಮಾಜಿಗೆ ಎದ್ದವರು ಅದೇ ನೀರಿನಲ್ಲಿ ಕೈ, ಮುಖ, ಪಾದ ತೊಳೆಯಬೇಕು. ಮುದುಕರಿಗೆ ಬೆರಳು ಮರಗಟ್ಟುತ್ತದೆ.

ಆ ವರ್ಷ ಚಳಿ ಶುರುವಾಗುವ ಮೊದಲು ಕಂಪನಿ ಹತ್ತೊಂಬತ್ತು ಮನೆಗಳ ಹಳೆಯ ಹೀಟರುಗಳನ್ನೂ ಕಿತ್ತು ಹೊಸದು ಕೂರಿಸಿತ್ತು. ಕೂರಿಸಿದವನು ಬಂಟ್ವಾಳದ ಕಡೆಯ ಒಬ್ಬ ಬ್ಯಾರಿ ಫಿಟ್ಟರ್. ಮೂವತ್ತರ ಆಸುಪಾಸಿನವನು, ಇಬ್ಬರು ಮಕ್ಕಳ ತಂದೆ. ಅವನ ಕೆಲಸದಲ್ಲಿ ನಾನು ಕಂಡಿದ್ದ ಒಂದೇ ದೋಷವೆಂದರೆ ನಿಧಾನ. ಪೈಪಿನ ಥ್ರೆಡ್ಡಿಗೆ ಸೆಣಬಿನ ಎಳೆ ಸುತ್ತುವಾಗ ಪಕ್ಕದಲ್ಲಿ ಬಾಂಬು ಬಿದ್ದರೂ ಅವನು ತಲೆ ಎತ್ತುತ್ತಿರಲಿಲ್ಲ. ಹೀಟರ್ ಅವನು ಕೂರಿಸಿದ ಮೇಲೆ, ಪ್ರತಿ ಮನೆಯಲ್ಲೂ ಅಡ್ಡಪೈಪಿನ ವಾಲ್ವನ್ನು ನಾನೇ ಹೋಗಿ ಚಳಿಗಾಲಕ್ಕೆ ತಿರುಗಿಸಿ ಬಂದೆ. ಅದು ನನ್ನ ಕೂಸು, ಬೇರೆಯವರು ಮುಟ್ಟುವುದು ನನಗೆ ಇಷ್ಟವಿರಲಿಲ್ಲ.

ಗಾಳಿ ಎದ್ದ ವಾರವೇ ದೂರುಗಳು ಬಂದವು. ಮೊದಲು ಎರಡು ಮನೆ, ಆಮೇಲೆ ಆರು, ಆಮೇಲೆ ಇಡೀ ಊರು. ಎಲ್ಲರದೂ ಒಂದೇ ಮಾತು: ಹೀಟರಿನ ಕೆಂಪು ದೀಪ ಇಡೀ ದಿನ ಉರಿಯುತ್ತದೆ, ನೀರು ಮಾತ್ರ ಉಗುರುಬೆಚ್ಚಗೆ. ಮೂರು ಮನೆಗಳಲ್ಲಿ ಹೀಟರಿನೊಳಗಿನ ಕಾಯಿಲ್ ಸುಟ್ಟೂ ಹೋಯಿತು.

ಶನಿವಾರ ಬೆಳಗ್ಗೆ ದೋಹಾದ ಅಲ್ ಹಿಲಾಲಿನಲ್ಲಿದ್ದ ನಮ್ಮ ಆಫೀಸಿಗೆ ಇಂಜಿನಿಯರ್ ನಮ್ಮಿಬ್ಬರನ್ನೂ ಕರೆಸಿದರು. ಕೇರಳದವರು, ನಮ್ಮ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಕೋಪ ಬಂದಾಗ ಅವರ ದನಿ ಇನ್ನೂ ತಗ್ಗುತ್ತಿತ್ತು. ಅವತ್ತು ತುಂಬ ತಗ್ಗಿತ್ತು.

"ಹೊಸ ಹೀಟರ್. ಹೊಸ ಕಾಯಿಲ್. ಹಾಗಾದರೆ ತಪ್ಪಿರುವುದು ಫಿಟ್ಟಿಂಗಿನಲ್ಲಿ ತಾನೇ?" ಎಂದು ನನ್ನ ಕಡೆ ನೋಡಿದರು.

ಹೀಟರಿಗೆ ನೀರು ಒಳಗೆ ಹೋಗುವ ಪೈಪು ಒಂದು, ಬಿಸಿಯಾಗಿ ಹೊರಗೆ ಬರುವ ಪೈಪು ಇನ್ನೊಂದು. ಇವೆರಡನ್ನು ಅದಲುಬದಲು ಮಾಡಿದರೆ ನೀರು ಉಗುರುಬೆಚ್ಚಗೇ ಬರುತ್ತದೆ. ಗೋಡೆಯೊಳಗಿಂದ ಬರುವ ಪೈಪುಗಳ ಮೇಲೆ ಯಾವುದು ಯಾವುದೆಂದು ಗುರುತು ಇರುವುದಿಲ್ಲ, ಆದ್ದರಿಂದ ಅದಲುಬದಲಾಗುವುದು ಅಪರೂಪವೇನಲ್ಲ. ನಾನು ಹಾಗೇ ಹೇಳಿದೆ. ಬರೆದು ಕೊಡಿ ಎಂದರು. ಬರೆದು ಸಹಿ ಹಾಕಿ ಕೊಟ್ಟೆ. ಒಂದೇ ಒಂದು ಮನೆಗೂ ಹೋಗಿ ನೋಡದೆ ಕೊಟ್ಟೆ.

ಹೊರಗೆ ಬಂದ ಮೇಲೆ ಫಿಟ್ಟರನ್ನು ಕೇಳಿದೆ. "ಖರೇ ಹೇಳೋ ತಮ್ಮಾ. ಪೈಪು ಉಲ್ಟಾ ಹಾಕಿದಿಯೇನು?"

"ಇಲ್ಲ ಅಣ್ಣ. ಹೀಟರ್ ಹಾಕುವ ಮೊದಲು ಟ್ಯಾಂಕಿನ ನೀರು ಬಿಟ್ಟು ನೋಡಿದ್ದೇನೆ, ಯಾವ ಪೈಪಿನಲ್ಲಿ ಬರ್ತದೆ ಅಂತ. ಹತ್ತೊಂಬತ್ತು ಮನೆಯಲ್ಲೂ ನೋಡಿದ್ದೇನೆ. ಉಲ್ಟಾ ಆಗ್ಲಿಕ್ಕೆ ಸಾಧ್ಯವೇ ಇಲ್ಲ."

"ಮತ್ತ ನೀರು ಯಾಕ ಕಾಯವಲ್ದು?"

"ಅದು ನನಗೆ ಗೊತ್ತಿಲ್ಲ. ಆದ್ರೆ ನೀವು ನೋಡದೆ ಬರೆದು ಕೊಟ್ರಲ್ಲ, ಅದು ಸರಿಯಾ ಅಣ್ಣ?"

ಫೋರ್ಮನ್ನನಿಗೆ ಫಿಟ್ಟರ್ ಹೀಗೆ ಕೇಳುವುದು ನನಗೆ ಸಿಟ್ಟು ತರಿಸಿತು. ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಬಂತು: ಫಿಟ್ಟರ್ ಕೆಲಸಕ್ಕೆ ಹೋಗುವಂತಿಲ್ಲ, ನಾವು ಕೆಲಸಗಾರರು ಉಳಿಯುವ ಕ್ಯಾಂಪಿನಲ್ಲೇ ಇರಬೇಕು. ಗುರುವಾರ ಅವನನ್ನು ಊರಿಗೆ ವಾಪಸು ಕಳಿಸುವ ಎಕ್ಸಿಟ್ ಕಾಗದ ಸರ್ಕಾರಿ ಕಚೇರಿಗೆ ಹೋಗುತ್ತದೆ. ಹಾಗೆ ಹೋದವನು ಕೂಡಲೇ ಮತ್ತೆ ಕತಾರಿಗೆ ಬರುವಂತಿರಲಿಲ್ಲ. ಊರಿನಲ್ಲಿ ಅವನ ಮನೆಯ ಗೋಡೆ ಕಿಟಕಿಯ ಮಟ್ಟಕ್ಕೆ ಬಂದು ನಿಂತಿರುವುದು ಕ್ಯಾಂಪಿಗೆಲ್ಲ ಗೊತ್ತಿತ್ತು. ಫೋಟೋ ಎಲ್ಲರಿಗೂ ತೋರಿಸಿದ್ದ.

ಭಾನುವಾರ ನಾನೊಬ್ಬನೇ ಪಿಕಪ್ ಓಡಿಸಿಕೊಂಡು ಅಲ್ ಶಮಾಲಿಗೆ ಹೋದೆ. ಮೊದಲು ಹೊಕ್ಕದ್ದು ಊರಿನ ತುದಿಯ ಮನೆ. ಅಲ್ಲೊಬ್ಬ ಅಜ್ಜಿ ಇದ್ದರು. ನಾವು ಕೆಲಸದವರೆಲ್ಲ ಅವರನ್ನು ಅಮ್ಮ ಎಂಬರ್ಥದಲ್ಲಿ ಮಾಮಾ ಎಂದು ಕರೆಯುತ್ತಿದ್ದೆವು. ಹೊರಗೆ ನಿಂತು ಕೂಗು ಹಾಕಿ, ಮನೆಯ ಹೆಂಗಸರು ಒಳಕೋಣೆಗೆ ಸರಿಯುವಷ್ಟು ಹೊತ್ತು ಕಾದು ಒಳಗೆ ಹೋಗುವುದು ಅಲ್ಲಿನ ಪದ್ಧತಿ. ಅಜ್ಜಿ ಮಾತ್ರ ಸರಿಯುವವರಲ್ಲ. ಸ್ನಾನದ ಮನೆಯ ಬಾಗಿಲಲ್ಲೇ ಒಂದು ಮಣೆ ಹಾಕಿಕೊಂಡು ಕೂತರು.

"ಮಾಯ್ ಹಾರ್ ಮಾಫಿ, ಸದೀಕ್," ಎಂದರು. ಬಿಸಿನೀರು ಇಲ್ಲ ಗೆಳೆಯಾ ಎಂದು.

"ಇವತ್ತು ಸರಿಮಾಡ್ತೀನಿ ಮಾಮಾ," ಎಂದು ನನಗೆ ಬರುವ ಅರಬ್ಬಿಯಲ್ಲಿ ಹೇಳಿ ಕೆಲಸ ಶುರು ಮಾಡಿದೆ.

ಕರೆಂಟು ತೆಗೆದೆ. ಟ್ಯಾಂಕಿನ ನೀರು ನಿಲ್ಲಿಸಿದೆ. ಹೀಟರಿನ ಕೆಳಗಿನ ಎರಡು ಪೈಪುಗಳನ್ನು ಬಿಚ್ಚಿ, ಅದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಿದೆ. ನೀರು ತುಂಬಿಸಿ, ಕರೆಂಟು ಹಾಕಿ ಒಂದೂವರೆ ಗಂಟೆ ಕಾದೆ. ನಲ್ಲಿ ತಿರುಗಿಸಿದರೆ ನೀರು ಮೊದಲಿಗಿಂತ ತಣ್ಣಗೆ ಬಂತು. ಅಂದರೆ ಫಿಟ್ಟರ್ ಹಾಕಿದ್ದೇ ಸರಿ, ನಾನೀಗ ಉಲ್ಟಾ ಮಾಡಿದ್ದೆ. ಮತ್ತೆ ಬಿಚ್ಚಿ ಮೊದಲಿನಂತೆ ಮಾಡಿದೆ. ಅಜ್ಜಿ ಮಣೆಯ ಮೇಲಿಂದ ಎಲ್ಲ ನೋಡುತ್ತಿದ್ದರು.

ಇದೊಂದು ಮನೆ ಸರಿ ಇರಬಹುದು ಎಂದುಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲೂ ಅದೇ ಕಥೆ. ಸೋಮವಾರ ಇನ್ನೂ ಮೂರು ಮನೆ ನೋಡಿದೆ. ಈ ಸಲ ಪೈಪು ಮುಟ್ಟಲಿಲ್ಲ, ಕಾಯಿಲ್ ಬಿಚ್ಚಿದೆ. ಅಲ್ಲಿನ ನೀರಿನಲ್ಲಿ ಉಪ್ಪು ಜಾಸ್ತಿ, ಟ್ಯಾಂಕರಿನ ನೀರಿಗೆ ಬಾವಿಯ ನೀರೂ ಬೆರೆಯುತ್ತಿತ್ತು. ಕಾಯಿಲಿನ ಮೇಲೆ ಸುಣ್ಣದಂಥ ಪದರ ಕಟ್ಟಿದ್ದರೆ ನೀರು ಕಾಯುವುದಿಲ್ಲ. ಆದರೆ ಅವು ಇನ್ನೂ ಹೊಸವು, ಸ್ವಲ್ಪ ಬೆಳ್ಳಗಾಗಿದ್ದವು ಅಷ್ಟೇ. ಥರ್ಮೋಸ್ಟಾಟ್ ನೋಡಿದೆ, ಸರಿಯಿತ್ತು. ಜೊತೆಗೆ ಆ ಮೂರೂ ಹೀಟರುಗಳ ಕೂಡಿಕೆ ನೋಡಿದೆ. ಒಂದು ಹನಿ ಜಿನುಗು ಇಲ್ಲ, ಒಂದು ಪೈಪು ಸೊಟ್ಟಗಿಲ್ಲ. ನಾನು ಮಾಡಿದ್ದರೂ ಇಷ್ಟು ಚೆಂದ ಬರುತ್ತಿರಲಿಲ್ಲವೇನೋ. ಆ ಸಂಜೆ ಕ್ಯಾಂಪಿನ ಮೆಸ್ಸಿನಲ್ಲಿ ಫಿಟ್ಟರ್ ನನ್ನ ಎದುರಿನ ಬೆಂಚಿನಲ್ಲಿ ಕೂತು ಉಂಡು ಎದ್ದು ಹೋದ. ನನ್ನನ್ನು ನೋಡಲಿಲ್ಲ.

ಮಂಗಳವಾರ ಮತ್ತೆ ಅಜ್ಜಿಯ ಮನೆಗೆ ಹೋದೆ. ಅಜ್ಜಿ ನನ್ನ ಮುಖ ನೋಡಿ, ಕೈ ಬೀಸಿ ಹೊರಗೆ ತೋರಿಸಿ ಹೇಳಿದರು: "ಮಾಯ್ ಬರ್ರಾ ಕುವೈಸ್."

ಹೊರಗಿನ ನೀರು ಚೆನ್ನಾಗಿದೆ ಎಂದರೆ ಏನೆಂದು ನನಗೆ ತಿಳಿಯಲಿಲ್ಲ. ಅವರೇ ಎದ್ದು ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಸ್ನಾನದ ಮನೆಯ ಗೋಡೆಯ ಹೊರಬದಿಗೆ ಕಾಲು ತೊಳೆಯುವ ನಲ್ಲಿ ಇತ್ತು. ಒಂದು ವಾರದಿಂದ ಬೆಳಗಿನ ನಮಾಜಿಗೆ ಅಲ್ಲೇ ಕೈಕಾಲು ಮುಖ ತೊಳೆದು ವುಜೂ ಮಾಡುತ್ತೇನೆ, ಒಳಗಿನದಕ್ಕಿಂತ ಇದೇ ಬೆಚ್ಚಗೆ ಬರುತ್ತದೆ ಎಂದು ಕೈಸನ್ನೆಯಲ್ಲೂ ಮಾತಿನಲ್ಲೂ ಹೇಳಿದರು.

ನಾನು ನಲ್ಲಿ ತಿರುಗಿಸಿ ಕೈ ಇಟ್ಟೆ. ಮೊದಲ ಒಂದು ತಂಬಿಗೆಯಷ್ಟು ನೀರು ಬೆಚ್ಚಗಿತ್ತು.

ಆ ನಲ್ಲಿಗೆ ಬರುವುದು ತಣ್ಣೀರಿನ ಪೈಪು ಮಾತ್ರ. ಬೇಸಿಗೆಯಾದರೆ ಬೆಚ್ಚಗಿರುವುದು ಸಹಜ. ಜನವರಿಯಲ್ಲಿ, ಆ ಗಾಳಿಯಲ್ಲಿ, ತಣ್ಣೀರಿನ ಪೈಪಿಗೆ ಬಿಸಿ ಎಲ್ಲಿಂದ ಬರಬೇಕು. ಬಿಸಿನೀರಿಗೂ ತಣ್ಣೀರಿಗೂ ನಡುವೆ ದಾರಿ ಇರುವುದು ಒಂದೇ ಕಡೆ. ಆ ದಾರಿ ಮಾಡಿದವನು ನಾನು.

ಮುಚ್ಚಿದ್ದೇನಲ್ಲ ಎಂದು ಮೊದಲು ಅನಿಸಿತು. ಒಳಗೆ ಹೋಗಿ ಅಡ್ಡಪೈಪಿನ ವಾಲ್ವಿನ ಚಕ್ರ ಹಿಡಿದು ತಿರುಗಿಸಿದೆ. ಅಲ್ಲಾಡಲಿಲ್ಲ, ಬಿಗಿಯಾಗಿ ಮುಚ್ಚಿಯೇ ಇತ್ತು. ಆದರೂ ಪರೀಕ್ಷೆ ಮಾಡಿಯೇಬಿಡೋಣ ಎಂದು ಟ್ಯಾಂಕಿನಿಂದ ಬರುವ ತಣ್ಣೀರಿನ ವಾಲ್ವ್ ಮುಚ್ಚಿದೆ. ಸ್ನಾನದ ಮನೆಯ ಸಿಂಕಿನ ತಣ್ಣೀರಿನ ನಲ್ಲಿ ತೆರೆದೆ. ಈಗ ಅದರಲ್ಲಿ ನೀರು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸಣ್ಣಗೆ ಬರುತ್ತಲೇ ಇತ್ತು, ಬರಬರುತ್ತ ಬಿಸಿಯಾಯಿತು.

ವಾಲ್ವ್ ಬಿಚ್ಚಿ ನೋಡಿದೆ. ಗೇಟ್ ವಾಲ್ವಿನೊಳಗೆ ಹಿತ್ತಾಳೆಯ ಒಂದು ಬಾಗಿಲು ಇರುತ್ತದೆ. ಚಕ್ರ ತಿರುಗಿಸಿದಾಗ ಅದು ಕೆಳಗಿಳಿದು ತನ್ನ ಕಚ್ಚಿನಲ್ಲಿ ಕೂರಬೇಕು. ಎರಡು ಬೇಸಿಗೆ ತೆರೆದೇ ಇದ್ದ ಆ ಕಚ್ಚಿನಲ್ಲಿ ಉಪ್ಪು ಗಟ್ಟಿಯಾಗಿ, ಕಲ್ಲಿನ ಹಾಗೆ ಹಿಡಿದುಕೊಂಡಿತ್ತು. ಬಾಗಿಲು ಕಾಲಿಂಚು ಮೇಲೆಯೇ ನಿಂತುಬಿಟ್ಟಿತ್ತು. ಚಕ್ರ ತಿರುಗದೆ ನಿಂತದ್ದನ್ನು ನೋಡಿ ನಾನು ಮುಚ್ಚಿದೆ ಎಂದುಕೊಂಡಿದ್ದೆ. ಅಲ್ಲಿಂದ ಹೀಟರಿನ ಬಿಸಿನೀರು ತಣ್ಣೀರಿನ ಪೈಪಿಗೆ ಇಳಿದು, ಸುತ್ತು ಹಾಕಿ ಮತ್ತೆ ಹೀಟರಿನ ತಳಕ್ಕೇ ಸೇರುತ್ತಿತ್ತು. ನಲ್ಲಿ ತೆರೆದಾಗ ತಣ್ಣೀರು ಅದೇ ದಾರಿಯಿಂದ ಬಿಸಿನೀರಿಗೆ ಬೆರೆಯುತ್ತಿತ್ತು. ಹೀಟರ್ ಪಾಪ ಇಡೀ ದಿನ ದುಡಿದು ಸುಟ್ಟುಹೋಗುತ್ತಿತ್ತು.

ಇನ್ನೂ ಎರಡು ಮನೆಯ ವಾಲ್ವ್ ಬಿಚ್ಚಿದೆ. ಎರಡರಲ್ಲೂ ಅದೇ. ಕೊನೆಯ ಮನೆಯದನ್ನು ಪಿಕಪ್ಪಿಗೆ ಹಾಕಿಕೊಂಡು ಅದರ ಜಾಗಕ್ಕೆ ಮುಚ್ಚಳ ಬಿಗಿದೆ, ಉಳಿದೆರಡನ್ನು ಮೊದಲಿನಂತೆ ಕೂರಿಸಿದೆ.

ಈ ಮಾತನ್ನು ನಾನು ಮುಚ್ಚಿಡುವುದಿಲ್ಲ. ವಾಪಸು ಬರುವಾಗ ಸುಲಭದ ದಾರಿ ನನಗೆ ಕಾಣಿಸಿತು. ಸ್ಟೋರಿನಿಂದ ಹತ್ತೊಂಬತ್ತು ಹೊಸ ವಾಲ್ವ್ ತಂದು, ಮನೆ ಮನೆಗೆ ಹೋಗಿ ಬದಲಾಯಿಸಿ, ಫಿಟ್ಟರ್ ಮಾಡಿದ್ದ ತಪ್ಪನ್ನು ಸರಿಮಾಡಿದೆ ಎಂದರೆ ಮುಗಿಯಿತು. ನಾನು ಕಂಡದ್ದನ್ನು ನನ್ನ ಹೊರತು ಇನ್ನೊಬ್ಬರು ಕಂಡಿರಲಿಲ್ಲ. ನೀರು ಕಾಯುತ್ತದೆ, ಊರಿನವರು ಮತ್ತೆ ಖರ್ಜೂರ ಕೊಡುತ್ತಾರೆ, ಗುರುವಾರ ಕಾಗದ ಹೋಗುತ್ತದೆ. ದೋಹಾದ ದೀಪಗಳು ಕಾಣುವವರೆಗೂ ಆ ಯೋಚನೆ ನನ್ನ ಜೊತೆಗೇ ಬಂತು. ಅದನ್ನು ಮಾಡಲು ಬಿಡದಿದ್ದದ್ದು ನನ್ನ ಒಳ್ಳೆಯತನ ಎಂದರೆ ಸುಳ್ಳಾಗುತ್ತದೆ. ಆ ಫಿಟ್ಟರ್ ಕೂಡಿಸಿದ ಪೈಪುಗಳನ್ನು ಮೂರು ದಿನ ಹತ್ತಿರದಿಂದ ನೋಡಿದ್ದೆ. ಅಷ್ಟು ಚೊಕ್ಕ ಕೆಲಸವನ್ನು ಕೆಟ್ಟ ಕೆಲಸ ಎಂದು ಬರೆದ ಕಾಗದದ ಕೆಳಗೆ ನನ್ನ ಸಹಿ ಇದೆಯಲ್ಲ ಎಂದು ನಾಚಿಕೆಯಾಯಿತು. ನನ್ನ ಕೆಲಸ ಗೊತ್ತಿರುವವನು ನಾನು ಎಂದು ಬೀಗುತ್ತಿದ್ದವನಿಗೆ ಆ ಸಹಿಯನ್ನು ಸಹಿಸಲಾಗಲಿಲ್ಲ.

ಬುಧವಾರ ಬೆಳಗ್ಗೆ ಬಿಚ್ಚಿ ತಂದ ವಾಲ್ವನ್ನು ಗೋಣಿಯಲ್ಲಿ ಸುತ್ತಿಕೊಂಡು ಆಫೀಸಿಗೆ ಹೋದೆ. ಫಿಟ್ಟರನ್ನೂ ಕ್ಯಾಂಪಿನಿಂದ ಕರೆದುಕೊಂಡು ಹೋದೆ. ಎಕ್ಸಿಟ್ ಕಾಗದಕ್ಕೆ ಸಹಿ ಹಾಕಿಸಲು ಕರೆಯುತ್ತಿದ್ದೇನೆ ಎಂದುಕೊಂಡಿದ್ದನೋ ಏನೋ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಇಂಜಿನಿಯರರ ಮೇಜಿನ ಮೇಲೆ ವಾಲ್ವ್ ಇಟ್ಟೆ. "ಸಾರ್, ಇವನ ಫಿಟ್ಟಿಂಗಿನಲ್ಲಿ ತಪ್ಪಿಲ್ಲ. ತಪ್ಪು ಇದರಲ್ಲಿದೆ. ಇದು ನಾನು ಹಾಕಿದ ವಾಲ್ವ್. ಮುಚ್ಚಿದವನೂ ನಾನೇ," ಎಂದು ಹಿಂದಿಯಲ್ಲಿ ಹೇಳಿದೆ.

ಅವರು ವಾಲ್ವ್ ಎತ್ತಿ, ಬೆಳಕಿಗೆ ಹಿಡಿದು ಒಳಗೆ ನೋಡಿದರು. ಬೆರಳಿನಿಂದ ಉಪ್ಪು ಕೆರೆದರು. "ಈ ಅಡ್ಡಪೈಪು ಹಾಕಲು ನಿಮಗೆ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ ಸಾರ್."

"ಶನಿವಾರ ಬರೆದು ಕೊಟ್ಟಿದ್ದಿರಲ್ಲ, ಅದು?"

"ಅದು ಸುಳ್ಳು. ನೋಡದೆ ಬರೆದೆ."

ಫಿಟ್ಟರನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ, "ನಂದ ತಪ್ಪು ಐತಿ ತಮ್ಮಾ. ಬರೆಯೂಕಿಂತ ಮೊದಲ ನಾ ಹೋಗಿ ನೋಡಬೇಕಾಗಿತ್ತು." ಅವನು ವಾಲ್ವನ್ನೇ ನೋಡುತ್ತಿದ್ದ.

ಇಂಜಿನಿಯರ್ ಡ್ರಾಯರಿನಿಂದ ನನ್ನ ಕಾಗದ ತೆಗೆದು ಮುಂದಿಟ್ಟರು. ಅದರ ಕೆಳಗೇ ಸರಿಯಾದದ್ದನ್ನು ಬರೆಯಿಸಿ ಸಹಿ ಹಾಕಿಸಿಕೊಂಡರು. ಆಮೇಲೆ ಅದೇ ತಗ್ಗಿದ ದನಿಯಲ್ಲಿ ಹೇಳಿದರು: "ಇವತ್ತಿನಿಂದ ಆ ಊರಿಗೆ ಇವನು ಫೋರ್ಮನ್. ನೀವು ಇವನ ಕೈಕೆಳಗೆ ಫಿಟ್ಟರ್. ಆ ಅಡ್ಡಪೈಪುಗಳೆಲ್ಲ ಹೊರಗೆ ಬರಬೇಕು. ಒಂದೂ ಉಳಿಯಬಾರದು."

ಗುರುವಾರ ಎಕ್ಸಿಟ್ ಕಾಗದ ಹೋಗಲಿಲ್ಲ. ಶನಿವಾರ ನಾವಿಬ್ಬರೂ ಒಂದೇ ಪಿಕಪ್ಪಿನಲ್ಲಿ ಅಲ್ ಶಮಾಲಿಗೆ ಹೊರಟೆವು. ಓಡಿಸಿದವನು ನಾನು. ಅಷ್ಟು ದೂರಕ್ಕೆ ಅವನಾಡಿದ್ದು ನಾಲ್ಕು ಮಾತು ಇರಬಹುದು.

ಅಜ್ಜಿಯ ಮನೆಯಲ್ಲಿ ಅಡ್ಡಪೈಪು ಬಿಚ್ಚಿ, ಎರಡು ತುದಿಗೂ ಮುಚ್ಚಳ ಹಾಕಿದೆವು. ಮಧ್ಯಾಹ್ನಕ್ಕೆ ನೀರು ಕಾಯಿತು. ಬಿಸಿ ಎಂದರೆ ಹಬೆ ಏಳುವ ಬಿಸಿ. ಅಜ್ಜಿ ನಲ್ಲಿಗೆ ಕೈಯೊಡ್ಡಿ ದೇವರ ಹೆಸರು ಹೇಳಿದರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಅಡ್ಡಪೈಪು ನೋಡಿ, ಇದೇಕೆ ಹೊರಗೆ ಎಂದು ಕೇಳಿದರು. ಖಲಾಸ್, ಇನ್ನು ಇದು ಇಲ್ಲ ಎಂದೆ.

"ಲಾ, ಲಾ," ಎಂದು ಅಜ್ಜಿ ಎದ್ದೇ ನಿಂತರು. ಬೇಸಿಗೆಯಲ್ಲಿ ತನ್ನ ಪಾದ ಸುಡುತ್ತಿತ್ತು, ಎರಡು ವರ್ಷದಿಂದ ಸುಖವಾಗಿದೆ, ಇದನ್ನು ಒಯ್ಯಲು ಬಿಡುವುದಿಲ್ಲ ಎಂದರು. ಪೈಪನ್ನು ಎತ್ತಿಕೊಂಡು ತಮ್ಮ ಮಣೆಯ ಕೆಳಗೆ ಇಟ್ಟುಕೊಂಡರು. ಫೋರ್ಮನ್ ಪಟ್ಟ ಹೋದರೆ ಹೋಯಿತು, ಅವತ್ತು ನನಗೆ ಆದ ಸಂತೋಷ ಹೇಳತೀರದು. ನಾನು ಮಾಡಿದ್ದು ತಪ್ಪು ಕೆಲಸವಾಗಿರಲಿಲ್ಲ, ಅರ್ಧ ಮಾಡಿದ ಕೆಲಸವಾಗಿತ್ತು.

ಪಿಕಪ್ಪಿನ ನೆರಳಿನಲ್ಲಿ ಕೂತು ಕುಬ್ಬೂಸ್ ರೊಟ್ಟಿ ತಿನ್ನುವಾಗ ಹೊಸ ಫೋರ್ಮನ್ನನಿಗೆ ಹೇಳಿದೆ, "ಹೊಸಾ ವಾಲ್ವ್ ಹಾಕಿದ್ರೂ ಎರಡು ವರ್ಷಕ್ಕ ಮತ್ತ ಉಪ್ಪು ಹಿಡಿತೈತಿ. ವಾಲ್ವ್ ಬ್ಯಾಡ. ವಾಲ್ವ್ ಇಲ್ದ ಮಾಡೂನು."

"ವಾಲ್ವ್ ಇಲ್ಲದೆ ಹೇಗೆ ಮುಚ್ಚುವುದು?"

ಉತ್ತರ ನನ್ನ ಕೈಯಲ್ಲೇ ಇತ್ತು ಎನ್ನಬೇಕು. ನೀರಿಗೆ ಎರಡು ದಾರಿ. ಬೇಸಿಗೆಗೆ ಅಡ್ಡಪೈಪು, ಚಳಿಗೆ ಟ್ಯಾಂಕಿನ ತಣ್ಣೀರು. ತೊಂದರೆ ಆಗುವುದು ಎರಡೂ ಒಟ್ಟಿಗೆ ತೆರೆದಾಗ ಮಾತ್ರ. ಹಾಗಾದರೆ ಎರಡು ದಾರಿಯಲ್ಲೂ ಒಂದೇ ಅಳತೆಯ ಖಾಲಿ ಜಾಗ ಬಿಟ್ಟು, ಆ ಜಾಗ ತುಂಬಲು ಒಂದೇ ಒಂದು ಪೈಪಿನ ತುಂಡು ಕೊಟ್ಟರೆ? ಅದು ಬೇಸಿಗೆಯಲ್ಲಿ ಇಲ್ಲಿ, ಚಳಿಯಲ್ಲಿ ಅಲ್ಲಿ. ಎರಡು ಕಡೆಯೂ ಇರುವುದು ಸಾಧ್ಯವೇ ಇಲ್ಲ. ಖಾಲಿ ಇರುವ ಕಡೆಗೆ ಎರಡು ಮುಚ್ಚಳ. ತುಂಡಿನ ಎರಡು ತುದಿಗೂ ಯೂನಿಯನ್, ಅಂದರೆ ಬೇಕಾದಾಗ ಬಿಚ್ಚಬಹುದಾದ ಕೂಡಿಕೆ, ಹಾಕಿದರೆ ಬಿಚ್ಚಿ ಹಾಕುವುದು ಐದು ನಿಮಿಷದ ಕೆಲಸ. ಇದನ್ನೆಲ್ಲ ಮರಳಿನ ಮೇಲೆ ಬೆರಳಿನಲ್ಲಿ ಗೀಚಿ ತೋರಿಸಿದೆ.

ಅವನು ಬಹಳ ಹೊತ್ತು ಆ ಗೀಟುಗಳನ್ನೇ ನೋಡಿದ. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ತುಂಡು ಎಷ್ಟು ಇಂಚು?" ಎಂದು ಕೇಳಿದ.

"ಆರು ಇಂಚು ಮಾಡೂನು. ರೆಡಿ ಸಿಗತಾವು."

"ಅದೇ ಬೇಡ. ಅಂಗಡಿಯಲ್ಲಿ ಸಿಗುವ ಅಳತೆ ಇಟ್ರೆ ಯಾರಾದ್ರೂ ಇನ್ನೊಂದು ತಂದು ಎರಡು ಕಡೆಗೂ ಹಾಕ್ತಾರೆ. ಎಲ್ಲೂ ಸಿಗದ ಅಳತೆ ಇರ್ಬೇಕು. ಏಳೂಕಾಲು ಮಾಡಿ. ಮತ್ತೆ ಮುಚ್ಚಳಕ್ಕೆ ಸರಪಳಿ ಹಾಕ್ಬೇಕು, ಇಲ್ಲದಿದ್ರೆ ಮುಂದಿನ ವರ್ಷಕ್ಕೆ ಕಳೆದುಹೋಗಿರ್ತದೆ."

ನನಗೆ ಹೊಳೆಯದೇ ಇದ್ದದ್ದು ಅದು. ನಾನು ಪೈಪಿನ ಬಗ್ಗೆ ಯೋಚಿಸಿದ್ದೆ, ಅವನು ಪೈಪನ್ನು ಮುಟ್ಟುವ ಜನರ ಬಗ್ಗೆ ಯೋಚಿಸಿದ್ದ.

ಇಂಜಿನಿಯರಿಗೆ ಅವನೇ ಹೇಳಿದ. ಒಂದು ಮನೆಯಲ್ಲಿ ಮಾಡಿ ತೋರಿಸಿ ಎಂದರು. ಅಜ್ಜಿಯ ಮನೆಯಲ್ಲಿ ಮಾಡಿದೆವು. ಇಂಜಿನಿಯರ್ ಖುದ್ದಾಗಿ ಬಂದು, ತೋಳು ಮಡಚಿ, ಎರಡೂ ದಾರಿ ಒಟ್ಟಿಗೆ ತೆರೆಯಲು ಏನೇನು ಸಾಧ್ಯವೋ ಎಲ್ಲ ಮಾಡಿ ನೋಡಿದರು. ಆಗಲಿಲ್ಲ. ಕೊನೆಗೆ ಬರೀ ತಲೆಯಾಡಿಸಿ, ಉಳಿದ ಹದಿನೆಂಟಕ್ಕೂ ಮಾಡಿ ಎಂದರು.

ಆ ಹದಿನೆಂಟು ಮನೆಗೆ ಮೂರು ವಾರ ಹಿಡಿಯಿತು. ಪೈಪು ಕೊಯ್ದು, ಥ್ರೆಡ್ ಹಾಕಿ, ಕೂಡಿಸುವವನು ನಾನು. ಅಳೆಯುವವನು, ಪರೀಕ್ಷಿಸುವವನು ಅವನು. ಕೆಲಸ ಮುಗಿದ ಪ್ರತಿ ಮನೆಯಲ್ಲಿ ಎರಡು ಗಂಟೆ ಕಾದು, ಬಿಸಿನೀರಿಗೆ ಒಂದು ಸಲ, ತಣ್ಣೀರಿಗೆ ಒಂದು ಸಲ, ಹೊರಗಿನ ಕಾಲು ತೊಳೆಯುವ ನಲ್ಲಿಗೆ ಒಂದು ಸಲ ಕೈಯೊಡ್ಡಿ ನೋಡುತ್ತಿದ್ದ. ಏಳನೆಯ ಮನೆಯಲ್ಲಿ ಒಂದು ಯೂನಿಯನ್ನಿನ ಕೆಳಗೆ ಕಾಗದ ಇಟ್ಟು, ಊಟ ಮುಗಿಸಿ ಬಂದು ಎತ್ತಿ ನೋಡಿದ. ಸಾಸಿವೆಯಷ್ಟು ಒದ್ದೆ.

"ಇದು ಬಿಚ್ಚಿ ಮತ್ತೆ ಮಾಡಿ ಅಣ್ಣ."

"ಇಷ್ಟಕ್ಕೇನ ಆಗ್ತೈತಿ, ಎರಡು ದಿನಕ್ಕ ತಾನ ಉಪ್ಪು ಕಟ್ಟಿ ನಿಲ್ಲತೈತಿ," ಎಂದೆ.

"ಉಪ್ಪು ಕಟ್ಟಿಯೇ ಅಲ್ವಾ ಇಷ್ಟೆಲ್ಲ ಆದದ್ದು," ಎಂದ ಅವನು, ನಗದೆ.

ನನ್ನ ಕಿವಿ ಬಿಸಿಯಾಯಿತು. ಅವನಿಗೆ ಕೆಲಸ ಕಲಿಸುವಷ್ಟು ವಯಸ್ಸು ನನ್ನದು. ಆದರೂ ಬಿಚ್ಚಿದೆ. ಒಳಗೆ ಸೆಣಬಿನ ಎಳೆ ಒಂದು ಕಡೆ ಮಡಚಿಕೊಂಡಿತ್ತು. ಅವನಂತೆಯೇ ತಲೆ ಎತ್ತದೆ ಮತ್ತೆ ಸುತ್ತಿ ಬಿಗಿದೆ. ಆಮೇಲಿನ ಮನೆಗಳಲ್ಲಿ ಅವನ ಕಾಗದ ಒದ್ದೆಯಾಗಲಿಲ್ಲ.

ಹತ್ತೊಂಬತ್ತನೆಯ ಮನೆ ಮುಗಿದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಅವನು ಮೂರೂ ನಲ್ಲಿಗೆ ಕೈಯೊಡ್ಡಿದ, ಯೂನಿಯನ್ ಕೆಳಗಿನ ಕಾಗದ ಎತ್ತಿ ನೋಡಿದ, ಸರಪಳಿ ಎಳೆದು ನೋಡಿದ. ಆಮೇಲೆ ನನ್ನ ಮುಖ ನೋಡಿ, "ಭಾರೀ ಲಾಯ್ಕ ಆಗಿದೆ ಅಣ್ಣ," ಎಂದ. ನಾನು ನೋಡದೆ ಬರೆದು ಕೊಟ್ಟ ಆ ಶನಿವಾರದ ನಂತರ ಅವನು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಕೆಲಸ ಮುಗಿದ ಪ್ರತಿ ಮನೆಗೂ ಒಂದು ಕಾರ್ಡು ಇರುತ್ತಿತ್ತು. ಕೆಳಗೆ ಎರಡು ಸಾಲು, ಮೇಲಿನದು ಪರೀಕ್ಷಿಸಿದ ಫೋರ್ಮನ್ನನದು, ಕೆಳಗಿನದು ಕೂಡಿಸಿದ ಫಿಟ್ಟರನದು. ಪಿಕಪ್ಪಿನ ಬಾನೆಟ್ಟಿನ ಮೇಲೆ ಕಾರ್ಡು ಇಟ್ಟು ಅವನು ನಿಧಾನವಾಗಿ ತನ್ನ ಸಹಿ ಹಾಕಿ, ಪೆನ್ನು ನನಗೆ ಕೊಟ್ಟ. ಫೋರ್ಮನ್ ಆಗಿ ನಾನು ಎಷ್ಟೋ ಕಾಗದಗಳಿಗೆ ಸಹಿ ಹಾಕಿದ್ದೇನೆ, ಮುಂದೆ ಬೇರೆ ಕಡೆ ಮತ್ತೆ ಫೋರ್ಮನ್ ಆದೆ, ಆಗಲೂ ಹಾಕಿದೆ. ಅವನ ಸಹಿಯ ಕೆಳಗೆ, ಫಿಟ್ಟರ್ ಎಂದು ಬರೆದಿದ್ದ ಸಾಲಿನಲ್ಲಿ ಅವತ್ತು ನನ್ನ ಹೆಸರು ಬರೆದಷ್ಟು ಹೆಮ್ಮೆಯಿಂದ ಮತ್ತೆಲ್ಲೂ ಬರೆದಿಲ್ಲ.